ಓಡುವ ಗಣಿತ, ಎಡವುವ ಮಕ್ಕಳು

ಕಳೆದ ತಿಂಗಳು ಒಂದು ಶುಕ್ರವಾರ ಜುಮಾ ನಮಾಜ್ ಮುಗಿಸಿ ಹೊರಬಂದಾಗ ಮಸೀದಿಯ ಗೇಟಿನ ಬಳಿ ಇಬ್ಬರು ಹುಡುಗರು ಎಲ್ಲರ ಕೈಗೂ ಬಣ್ಣದ ಕರಪತ್ರ ಕೊಡುತ್ತಿದ್ದರು. ಸಾಮಾನ್ಯವಾಗಿ ಅಲ್ಲಿ ಸಿಗುವುದು ಉಮ್ರಾ ಯಾತ್ರೆಯದೋ ರಕ್ತದಾನ ಶಿಬಿರದ್ದೋ ಕರಪತ್ರ. ಇದು ಹಾಗಿರಲಿಲ್ಲ. ಆರನೆಯ ತರಗತಿಯಿಂದಲೇ ಐಐಟಿ ಫೌಂಡೇಶನ್, ಎಂಟನೆಯ ತರಗತಿಯಲ್ಲೇ ಹತ್ತರ ಗಣಿತ, ಹತ್ತನೆಯ ತರಗತಿಯಲ್ಲೇ ಪಿಯುಸಿ ಗಣಿತ, ಇಂದು ತಡಮಾಡಿದರೆ ನಾಳೆ ಸೀಟಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಕೋಟು ಹಾಕಿಕೊಂಡ ನಾಲ್ಕು ಮಕ್ಕಳ ಫೋಟೋ ಕೂಡ ಇತ್ತು.

ಪಕ್ಕದಲ್ಲಿ ಚಪ್ಪಲಿ ಹುಡುಕುತ್ತಿದ್ದ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಕರಪತ್ರವನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು ಕೇಳಿದರು: "ಸಾಬ್, ನನ್ನ ಮಗ ಈಗ ಏಳನೆಯ ಕ್ಲಾಸು. ತಡವಾಗಿಬಿಟ್ಟಿತಾ?"

ಈ ಪ್ರಶ್ನೆ ನಮ್ಮನ್ನು ಕಾಡಿತು. ಹನ್ನೆರಡು ವರ್ಷದ ಮಗುವಿಗೆ ಗಣಿತ ಕಲಿಯಲು ತಡವಾಯಿತೆಂದು ಒಬ್ಬ ತಂದೆ ಹೆದರುವಂತೆ ಮಾಡಿದವರು ಯಾರು? ಆ ಹೆದರಿಕೆಯಲ್ಲಿ ಹುರುಳಿದೆಯೇ? ಸಿಇಟಿ, ಜೆಇಇಯಂತಹ ಪ್ರವೇಶ ಪರೀಕ್ಷೆಗಳಲ್ಲಿ ಗೆಲ್ಲಬೇಕಾದರೆ ಮಕ್ಕಳು ತಮ್ಮ ತರಗತಿಗಿಂತ ಎರಡು ವರ್ಷ ಮುಂದಿನ ಗಣಿತವನ್ನು ಓಡುತ್ತಾ ಕಲಿಯಲೇಬೇಕೇ? ಬೇಕಿಲ್ಲ ಎಂಬುದು ನಮ್ಮ ಉತ್ತರ. ಬೇಕಿಲ್ಲ ಎಂದಷ್ಟೇ ಅಲ್ಲ, ನಮ್ಮ ಬಹುಪಾಲು ಮಕ್ಕಳಿಗೆ ಈ ಓಟ ಹಾನಿಯನ್ನೇ ಮಾಡುತ್ತಿದೆ ಎಂದೂ ಹೇಳುತ್ತೇವೆ.

ಮೊದಲು ಪರೀಕ್ಷೆಗಳು ಕೇಳುವುದೇನೆಂದು ನೋಡೋಣ. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾದದ್ದು 1994ರಲ್ಲಿ. ಈಗ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳು, 60 ಅಂಕಗಳು, 80 ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪ್ರಶ್ನೆಗಳೆಲ್ಲ ಬರುವುದು ಪ್ರಥಮ ಮತ್ತು ದ್ವಿತೀಯ ಪಿಯುಸಿ ಪಠ್ಯದಿಂದ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಅಂದರೆ ಕಾಲೇಜಿನ ಪಾಠವನ್ನು ಕಾಲೇಜಿನಲ್ಲೇ ಸರಿಯಾಗಿ ಕಲಿತ ಮಗು ಅರ್ಧ ದಾರಿಯನ್ನು ಅಲ್ಲಿಯೇ ನಡೆದಿರುತ್ತದೆ.

ಜೆಇಇ ಮೇನ್ ಇದಕ್ಕಿಂತ ಬಿಗಿ. ಮೂರು ಗಂಟೆಯಲ್ಲಿ ಮೂರು ವಿಷಯಗಳ 75 ಪ್ರಶ್ನೆಗಳು, ಒಟ್ಟು 300 ಅಂಕಗಳು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಆದರೆ ಅದರ ಪಠ್ಯವೂ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯದ್ದೇ. ಐಐಟಿಗಳು ನಡೆಸುವ ಜೆಇಇ ಅಡ್ವಾನ್ಸ್ಡ್ ಕೂಡ, ಅದೆಷ್ಟೇ ಕಠಿಣವಾಗಿರಲಿ, ಈ ಎರಡು ವರ್ಷಗಳ ವಿಷಯವನ್ನೇ ಆಳಕ್ಕಿಳಿದು ಕೇಳುತ್ತದೆ. ಇವುಗಳಲ್ಲಿ ಯಾವ ಪರೀಕ್ಷೆಯೂ ಬಿ.ಎಸ್ಸಿ. ಗಣಿತವನ್ನು ಕೇಳುವುದಿಲ್ಲ. ಕ್ಯಾಲ್ಕುಲಸನ್ನು ಎಂಟನೆಯ ತರಗತಿಯಲ್ಲಿ ಕಲಿತಿರೋ ಹನ್ನೆರಡನೆಯ ತರಗತಿಯಲ್ಲಿ ಕಲಿತಿರೋ ಎಂದು ಯಾವ ಪರೀಕ್ಷಕರೂ ವಿಚಾರಿಸುವುದಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಈ ಕರಪತ್ರದ ಮಾತನ್ನು ನಾವೂ ಒಂದು ಕಾಲದಲ್ಲಿ ನಂಬಿದ್ದೆವು. ಕೆಲವು ವರ್ಷಗಳ ಹಿಂದೆ ನಾವು ಸದಸ್ಯರಾಗಿದ್ದ ಸಣ್ಣದೊಂದು ಸ್ಕಾಲರ್‌ಶಿಪ್ ಸಮಿತಿ ಮೊಹಲ್ಲಾದ ನಾಲ್ಕು ಜಾಣ ಮಕ್ಕಳನ್ನು ಆರಿಸಿ, ಏಳನೆಯ ತರಗತಿಯಿಂದಲೇ ಅವರ ಫೌಂಡೇಶನ್ ತರಬೇತಿಯ ಶುಲ್ಕ ಕಟ್ಟಿತು. ಸಮಿತಿಯ ಹಣದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಎರಡೂವರೆ ವರ್ಷದಲ್ಲಿ ಇಬ್ಬರು ಮಕ್ಕಳು ತರಬೇತಿ ಬಿಟ್ಟರು. ಮೂರನೆಯವನು ಹತ್ತು ಮುಗಿಸಿದ ಮೇಲೆ ಗಣಿತವೇ ಬೇಡವೆಂದು ಕಲಾ ವಿಭಾಗ ಸೇರಿದ. ನಾಲ್ಕನೆಯವನು ಸಿಇಟಿ ಬರೆದು ಎಂಜಿನಿಯರಿಂಗ್ ಸೇರಿದ, ಚೆನ್ನಾಗಿಯೇ ಇದ್ದಾನೆ. ಕಲಾ ವಿಭಾಗ ಸೇರಿದ ಹುಡುಗನನ್ನು ನಾವೊಮ್ಮೆ ವಿಚಾರಿಸಿದೆವು. ಅವನು ಹೇಳಿದ್ದಿಷ್ಟು: "ಸರ್, ಅಲ್ಲಿ ದಿನವೂ ಹೊಸ ಪಾಠ. ನಿನ್ನೆಯದು ತಿಳಿಯಲಿಲ್ಲ ಎನ್ನಲು ನಾಚಿಕೆ. ಆಮೇಲೆ ಯಾವುದೂ ತಿಳಿಯಲಿಲ್ಲ."

ಒಂದು ಮೊಹಲ್ಲಾದ ನಾಲ್ಕು ಮಕ್ಕಳಿಂದ ಇಡೀ ನಾಡಿಗೆ ನಿಯಮ ಹೇಳಲಾಗದು ಎಂದು ನಮಗೆ ಗೊತ್ತು. ಆದರೆ ಆ ಹುಡುಗನ ಮಾತು ನಮ್ಮನ್ನು ಹಿಂದಕ್ಕೆ ಕರೆದೊಯ್ದು, ಮಕ್ಕಳು ನಿಜವಾಗಿ ಎಲ್ಲಿ ಎಡವುತ್ತಾರೆ ಎಂದು ಯೋಚಿಸುವಂತೆ ಮಾಡಿತು.

ಒಂದು ಉದಾಹರಣೆ ನೋಡಿ. ಸಿಇಟಿ ಮಾದರಿಯ ಸರಳ ಪ್ರಶ್ನೆ: ಎಕ್ಸ್‌ನ ವರ್ಗಕ್ಕೆ ಒಂದು ಕೂಡಿಸಿ, ಬಂದ ಮೊತ್ತವನ್ನು ಎಕ್ಸ್‌ನಿಂದ ಭಾಗಿಸಿದೆ, ಎಕ್ಸ್‌ನ ಬೆಲೆ ಎರಡಾದಾಗ ಇದರ ನಿಷ್ಪನ್ನ ಎಷ್ಟು? ನಿಷ್ಪನ್ನವೆಂದರೆ ಇಂಗ್ಲಿಷಿನವರು ಡೆರಿವೇಟಿವ್ ಎನ್ನುವುದು. ಸರಿಯಾಗಿ ಮಾಡಿದರೆ ಭಿನ್ನರಾಶಿಯನ್ನು ಎರಡಾಗಿ ಬಿಡಿಸಿ ಎಕ್ಸ್ ಮತ್ತು ಎಕ್ಸ್‌ನಲ್ಲೊಂದಂಶ ಎಂದು ಬರೆಯಬೇಕು. ನಿಷ್ಪನ್ನ ತೆಗೆದು ಎರಡನ್ನು ಹಾಕಿದರೆ ಒಂದರಲ್ಲಿ ಕಾಲು ಕಳೆಯಬೇಕು, ಉತ್ತರ ಮುಕ್ಕಾಲು. ನಮ್ಮ ಮಕ್ಕಳು ಮಾಡುವುದೇನು? ಮೇಲೊಂದು ಎಕ್ಸ್, ಕೆಳಗೊಂದು ಎಕ್ಸ್ ಕಂಡೊಡನೆ ಎರಡನ್ನೂ ಹೊಡೆದುಹಾಕಿ ಎಕ್ಸ್ ಕೂಡಿಸು ಒಂದು ಎಂದು ಬರೆದು, ಅದರ ನಿಷ್ಪನ್ನ ಒಂದು ಎನ್ನುತ್ತಾರೆ. ಉತ್ತರದ ನಾಲ್ಕು ಆಯ್ಕೆಗಳಲ್ಲಿ ಒಂದು ಎಂಬುದೂ ಕಾದು ಕುಳಿತಿರುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಮಕ್ಕಳ ಈ ತಪ್ಪು ಚೆನ್ನಾಗಿ ಗೊತ್ತು.

ಇದರಲ್ಲಿ ಕ್ಯಾಲ್ಕುಲಸ್ ಇರುವುದು ಒಂದೇ ಸಾಲು, ಆ ಸಾಲನ್ನು ಮಗು ತಪ್ಪಿಲ್ಲದೆ ಮಾಡಿದೆ. ತಪ್ಪಿದ್ದು ಭಿನ್ನರಾಶಿಯಲ್ಲಿ. ಎಕ್ಸ್ ಜಾಗದಲ್ಲಿ ಮೂರನ್ನು ಹಾಕಿ ನೋಡಿ. ಒಂಬತ್ತಕ್ಕೆ ಒಂದು ಕೂಡಿಸಿದರೆ ಹತ್ತು. ಹತ್ತನ್ನು ಮೂರರಿಂದ ಭಾಗಿಸಿದರೆ ನಾಲ್ಕು ಬರುತ್ತದೆಯೇ? ಬರುವುದಿಲ್ಲವೆಂದು ಕಿರಾಣಿ ಅಂಗಡಿಯ ಹುಡುಗನೂ ಹೇಳಬಲ್ಲ. ಆದರೆ ಆರನೆಯ, ಏಳನೆಯ ತರಗತಿಯಲ್ಲಿ ಹೀಗೆ ಹಾಕಿ ನೋಡುವ ಅಭ್ಯಾಸ ಮಾಡಿಸದೆ, ಅದೇ ಕಾಲವನ್ನು ಮುಂದಿನ ಪಾಠಕ್ಕೆ ಓಡುವುದರಲ್ಲಿ ಕಳೆದರೆ, ಮಗು ಹನ್ನೆರಡನೆಯ ತರಗತಿಗೂ ಈ ತಪ್ಪನ್ನು ಹೊತ್ತುಕೊಂಡೇ ಬರುತ್ತದೆ. ಎರಡು ವರ್ಷ ಮೊದಲೇ ಕ್ಯಾಲ್ಕುಲಸ್ ಕಲಿಸಿದರೆ ಅದೇ ತಪ್ಪನ್ನು ಎರಡು ವರ್ಷ ಮೊದಲೇ ಮಾಡುತ್ತದೆ, ಅಷ್ಟೆ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಎಂಟರಿಂದ ಹತ್ತರವರೆಗೆ ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿಗೆ ಬಿದ್ದವರು. ನಮಗೆ ಗುಣಾಕಾರ ಮೊದಲು 'ಜರಬ್' ಆಗಿತ್ತು, ಭಾಗಾಕಾರ 'ತಖ್ಸೀಮ್', ಭಿನ್ನರಾಶಿ 'ಕಸರ್'. ಎಂಟನೆಯ ತರಗತಿಯ ಮೊದಲ ವಾರ ಮೇಷ್ಟ್ರು ಛೇದ, ಅಂಶ ಎಂದಾಗ ನಾವು ಮಿಕಿಮಿಕಿ ನೋಡಿದೆವು. ಕೆಳಗಿನದು, ಮೇಲಿನದು ಎಂದು ಪಕ್ಕದ ಹುಡುಗ ಪಿಸುಗುಟ್ಟಿದ ಮೇಲೆ ಉಸಿರು ಬಂತು. ಮತ್ತೆ ಮೂರು ವರ್ಷಕ್ಕೆ ಅದೇ ವಸ್ತು ಡಿನಾಮಿನೇಟರ್, ನ್ಯೂಮರೇಟರ್ ಆಯಿತು. 1990ರ ದಶಕದ ಕೊನೆಯಲ್ಲಿ ನಾವು ಬರೆದ ಸಿಇಟಿಯ ರ‍್ಯಾಂಕನ್ನು ಮನೆಯವರಿಗೂ ಸರಿಯಾಗಿ ಹೇಳಲಿಲ್ಲ. ಕಥೆಗಾರರಾಗಲು ಅದೂ ಒಂದು ಕಾರಣ ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ಆದರೆ ಇದರಲ್ಲಿ ತಮಾಷೆಯಲ್ಲದ ಒಂದು ಸಂಗತಿಯಿದೆ. ನಮ್ಮ ಜೊತೆ ಉರ್ದು ಶಾಲೆಯಿಂದ ಬಂದವರಲ್ಲಿ ಅನೇಕರು ಗಣಿತ ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ. ಒಂದು ಭಾಷೆಯಲ್ಲಿ ತಿಳಿದದ್ದನ್ನು ಇನ್ನೊಂದು ಭಾಷೆಗೆ ದಾಟಿಸಿಕೊಳ್ಳಲು ಬೇಕಿದ್ದ ಬಿಡುವನ್ನು ಅವರಿಗೆ ಯಾರೂ ಕೊಡಲಿಲ್ಲ.

ವಿಚಿತ್ರವೆಂದರೆ ಭಿನ್ನರಾಶಿ ನಮ್ಮ ಮನೆಯ ಮಾತಿನಲ್ಲೇ ಇತ್ತು. ಸಂತೆಯಲ್ಲಿ ಅಮ್ಮ ಪಾವ್ ಸೇರು, ಡೇಢ್ ಗಜ, ಢಾಯಿ ರೂಪಾಯಿ, ಪೌನೇ ದೋ ಎಂದು ಚೌಕಾಸಿ ಮಾಡುತ್ತಿದ್ದರು. ಅಂಗಡಿಯವರು ಕಾಲು, ಅರೆ, ಮುಕ್ಕಾಲು ಎನ್ನುತ್ತಿದ್ದರು. ಹಿಂದಿನವರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ನಮ್ಮ ಸಭೆ ಸಮಾರಂಭಗಳಲ್ಲಿ ಬೀಜಗಣಿತವನ್ನು ಜಗತ್ತಿಗೆ ಕೊಟ್ಟವರು ನಾವು ಎಂದು ಭಾಷಣಕಾರರು ಅಲ್ ಖ್ವಾರಿಜ್ಮಿಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಒಂಬತ್ತನೆಯ ಶತಮಾನದ ಬಾಗ್ದಾದಿನ ಆ ವಿದ್ವಾಂಸ ತನ್ನ ಪುಸ್ತಕವನ್ನು ಏತಕ್ಕೆ ಬರೆದೆನೆಂದು ಪೀಠಿಕೆಯಲ್ಲೇ ಹೇಳಿದ್ದಾನೆ: ಆಸ್ತಿ ಹಂಚಿಕೆ, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವ ಲೆಕ್ಕ, ಇಂಥ ನಿತ್ಯದ ಅಗತ್ಯಗಳಿಗಾಗಿ. ತಂದೆ ತೀರಿಕೊಂಡು ಹೆಂಡತಿ, ತಾಯಿ, ಒಬ್ಬ ಮಗ, ಒಬ್ಬಳು ಮಗಳು ಉಳಿದರೆ ಹೆಂಡತಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಉಳಿದದ್ದು ಮಗನಿಗೆ ಎರಡು, ಮಗಳಿಗೆ ಒಂದು ಪಾಲು. ಈ ಲೆಕ್ಕ ಮಾಡಬೇಕಾದರೆ ಆಸ್ತಿಯನ್ನು 72 ಪಾಲು ಮಾಡಬೇಕು: ಹೆಂಡತಿಗೆ 9, ತಾಯಿಗೆ 12, ಮಗನಿಗೆ 34, ಮಗಳಿಗೆ 17. ಮದರಸದಲ್ಲಿ ಇದನ್ನು ಬಿಡಿಸಬಲ್ಲ ಹುಡುಗನಿಗೆ ಲಘುತಮ ಸಾಮಾನ್ಯ ಅಪವರ್ತ್ಯ ಗೊತ್ತಿದೆ. ಆ ಹೆಸರು ಮಾತ್ರ ಗೊತ್ತಿಲ್ಲ. ಇಂಥ ಹುಡುಗನಿಗೆ ಬೇಕಿರುವುದು ಎರಡು ವರ್ಷ ಮುಂದಿನ ಪಾಠವಲ್ಲ, ಅವನಿಗೆ ಈಗಾಗಲೇ ಗೊತ್ತಿರುವುದನ್ನು ಗುರುತಿಸಿ ಗಟ್ಟಿ ಮಾಡುವ ಮೇಷ್ಟ್ರು.

ಇನ್ನು ಎದುರುವಾದಗಳಿಗೆ ಬರೋಣ. ಅವುಗಳಲ್ಲಿ ಕೆಲವು ತೂಕದವೇ.

ಮೊದಲನೆಯದು ವೇಗದ ಮಾತು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳೆಂದರೆ ಒಂದಕ್ಕೆ ಸಿಗುವುದು 80 ಸೆಕೆಂಡು. ಇಷ್ಟು ಕಡಿಮೆ ಸಮಯದಲ್ಲಿ ಬಿಡಿಸಲು ಚಿಕ್ಕಂದಿನಿಂದಲೇ ತಯಾರಿ ಬೇಡವೇ ಎಂದು ಕೇಳುತ್ತಾರೆ. ಬೇಕು. ಆದರೆ ಪಾಠಗಳನ್ನು ಬೇಗ ಮುಗಿಸುವುದು ಬೇರೆ, ಲೆಕ್ಕವನ್ನು ಬೇಗ ಬಿಡಿಸುವುದು ಬೇರೆ. 80 ಸೆಕೆಂಡಿನಲ್ಲಿ ಬಿಡಿಸುವವರು ವರ್ಗಮೂಲ, ಅಪವರ್ತನ, ಸಮೀಕರಣ, ತ್ರಿಕೋನಮಿತಿಯ ಸೂತ್ರ ಇವುಗಳನ್ನು ನಿಂತು ಯೋಚಿಸಬೇಕಾಗದಷ್ಟು ಪಳಗಿಸಿಕೊಂಡವರು. ಪಳಗುವುದಕ್ಕೆ ಒಂದೇ ಬಗೆಯ ಲೆಕ್ಕವನ್ನು ಹತ್ತು ದಾರಿಯಲ್ಲಿ ಮಾಡಿ ನೋಡುವ ಕಾಲಾವಕಾಶ ಬೇಕು. ದಿನವೂ ಹೊಸ ಪಾಠಕ್ಕೆ ಜಿಗಿಸುವ ತರಗತಿಗಳು ಕಸಿದುಕೊಳ್ಳುವುದು ಇದೇ ಕಾಲಾವಕಾಶವನ್ನು.

ಎರಡನೆಯದು ವೇಳಾಪಟ್ಟಿಯ ವಾದ. ಜೆಇಇ ಮೇನ್‌ನ ಮೊದಲ ಸರದಿ ಜನವರಿಯಲ್ಲೇ ಬರುತ್ತದೆ. ಆ ಹೊತ್ತಿಗೆ ಸಾಮಾನ್ಯ ಕಾಲೇಜುಗಳಲ್ಲಿ ದ್ವಿತೀಯ ಪಿಯುಸಿಯ ಪಾಠಗಳು ಮುಗಿದು ಪುನರಾವರ್ತನೆ ಆಗಿರುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದು. ಆದರೆ ಏಪ್ರಿಲ್‌ನಲ್ಲಿ ಎರಡನೆಯ ಸರದಿಯೂ ಇದೆ. ಎರಡರಲ್ಲಿ ಯಾವುದು ಉತ್ತಮವೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಿಇಟಿ ನಡೆಯುವುದು ಪಿಯುಸಿ ಪರೀಕ್ಷೆಯ ನಂತರ. ಜನವರಿಗೇ ಸಿದ್ಧವಾಗಬೇಕೆನ್ನುವ ಮಗು ಪಿಯುಸಿಯ ಎರಡು ವರ್ಷಗಳಲ್ಲಿ ಕೆಲವು ತಿಂಗಳು ಮುಂದೆ ಹೋದರೆ ಸಾಕು. ಅದಕ್ಕಾಗಿ ಆರನೆಯ ತರಗತಿಯ ಮಗುವಿನ ಆಟದ ಸಮಯ ಕಿತ್ತುಕೊಳ್ಳಬೇಕಿಲ್ಲ.

ಮೂರನೆಯದು 2024ರ ಸಿಇಟಿಯ ಉದಾಹರಣೆ. ಆ ವರ್ಷ ಏಪ್ರಿಲ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳಿಂದಲೂ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗಲಾಟೆಯಾಯಿತು. ಪಠ್ಯವನ್ನಷ್ಟೇ ಓದಿದವರು ಕೆಟ್ಟರು, ಹೆಚ್ಚು ಓದಿದವರು ಬದುಕಿದರು ಎಂದು ತರಬೇತಿ ಕೇಂದ್ರಗಳ ಪರವಾಗಿ ಮಾತನಾಡುವವರು ಇಂದಿಗೂ ಹೇಳುತ್ತಾರೆ. ಆದರೆ ಕೊನೆಗೆ ಆದದ್ದೇನು? ತಜ್ಞರ ಪರಿಶೀಲನೆಯ ನಂತರ ನಾಲ್ಕೂ ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅವುಗಳಲ್ಲಿ ಗಣಿತದವು 15. ಹೆಚ್ಚುವರಿ ಪಾಠ ಕಲಿತವರು ಆ 15 ಪ್ರಶ್ನೆಗಳಿಗೆ ಸುರಿದ ನಿಮಿಷಗಳೆಲ್ಲ ನೀರಿಗೆ ಹಾಕಿದ ಹೋಮವಾದವು. ಅಂದು ಪರೀಕ್ಷಾ ಕೊಠಡಿಯಲ್ಲಿ ಕಣ್ಣೀರಿಟ್ಟ ಮಕ್ಕಳ ಸಂಕಟ ಸುಳ್ಳಲ್ಲ. ಆದರೆ ಅದು ಪ್ರಶ್ನೆ ತೆಗೆದವರ ತಪ್ಪು. ಆ ತಪ್ಪನ್ನು ಮಕ್ಕಳು ಇನ್ನೆರಡು ವರ್ಷ ಮುಂದೆ ಓಡಿ ಸರಿದೂಗಿಸಬೇಕೆನ್ನುವುದು ಯಾವ ನ್ಯಾಯ?

ನಾಲ್ಕನೆಯದು ಐಐಟಿಯ ಮಾತು. ಜೆಇಇ ಮೇನ್ ಬರೆದವರಲ್ಲಿ ಮುಂದಿರುವ ಎರಡೂವರೆ ಲಕ್ಷ ಮಕ್ಕಳಿಗಷ್ಟೇ ಅಡ್ವಾನ್ಸ್ಡ್ ಬರೆಯುವ ಅವಕಾಶ. ಅಲ್ಲಿ ಸ್ಪರ್ಧೆ ತೀವ್ರ, ಬೇಗ ಆರಂಭಿಸಿದವರಿಗೆ ಅನುಕೂಲ ಇದ್ದೀತು ಎಂದು ನಾವು ಒಪ್ಪುತ್ತೇವೆ. ಗಣಿತವೆಂದರೆ ಊಟ ನಿದ್ದೆ ಮರೆಯುವ ಮಗು ಯಾವ ಮೊಹಲ್ಲಾದಲ್ಲಾದರೂ ಹುಟ್ಟಬಹುದು. ಅಂಥ ಮಗು ತಾನಾಗಿ ಮುಂದಿನ ತರಗತಿಯ ಪುಸ್ತಕ ಎಳೆದುಕೊಂಡು ಓದಿದರೆ ಯಾರೂ ತಡೆಯಬಾರದು. ಅದಕ್ಕೆ ಪುಸ್ತಕ ಕೊಡಿಸೋಣ, ಒಳ್ಳೆಯ ಗುರುಗಳ ಬಳಿ ಕಳಿಸೋಣ. ಆದರೆ ಅಂಥ ಒಂದು ಮಗುವಿನ ಹಸಿವನ್ನು ತೋರಿಸಿ ಹಸಿವಿಲ್ಲದ ನೂರು ಮಕ್ಕಳ ಬಾಯಿಗೆ ತುರುಕುವುದು ಶಿಕ್ಷಣವಲ್ಲ. ಐಐಟಿಯ ಹೆಸರಿನಲ್ಲಿ ದೇಶದಲ್ಲೇ ಹೆಚ್ಚು ಪ್ರಸಿದ್ಧವಾದ ಉಚಿತ ತರಬೇತಿ, ಪಾಟ್ನಾದಲ್ಲಿ ಆನಂದ್ ಕುಮಾರ್ 2002ರಲ್ಲಿ ಆರಂಭಿಸಿದ ಸೂಪರ್ 30. ಅದು ಬಡ ಮನೆಯ ಮಕ್ಕಳನ್ನು ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ತೆಗೆದುಕೊಂಡು ಒಂದು ವರ್ಷ ಪಾಠ ಹೇಳಿತು. ಅವರು ಆಯ್ದ ಮಕ್ಕಳು ನಿಜ. ಆದರೆ ಅವರಲ್ಲಿ ಎಷ್ಟೋ ಮಂದಿ ಸಣ್ಣ ಊರುಗಳ ಸಾಧಾರಣ ಶಾಲೆಗಳಿಂದ ಬಂದವರು. ಅವರ ತಂದೆಯರ ಕೈಗೆ ಆರನೆಯ ತರಗತಿಯ ಫೌಂಡೇಶನ್ ಕರಪತ್ರ ಬಂದಿರಲಿಲ್ಲ.

ನಮ್ಮದೇ ರಾಜ್ಯದ ಬೀದರಿನಲ್ಲಿ ಶಾಹೀನ್ ಸಂಸ್ಥೆ ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝ್ ಮಕ್ಕಳಿಗೆ ಪ್ರತ್ಯೇಕ ತರಗತಿ ನಡೆಸುತ್ತದೆ. ಶಾಲೆಯ ಗಣಿತ, ವಿಜ್ಞಾನವನ್ನೇ ಕಾಣದೆ ಹದಿಹರೆಯಕ್ಕೆ ಬಂದ ಮಕ್ಕಳಿಗೆ ಅಲ್ಲಿ ಅಂಕೆಗಳಿಂದ, ಅಕ್ಷರಗಳಿಂದ ಪಾಠ ಆರಂಭವಾಗುತ್ತದೆ. ಅಂಥವರಲ್ಲಿ ಕೆಲವರು ಮುಂದೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲೂ ಗೆದ್ದಿದ್ದಾರೆ. ಅದು ಬೇರೆ ಪರೀಕ್ಷೆ, ಅದರಲ್ಲಿ ಗಣಿತ ಪತ್ರಿಕೆಯಿಲ್ಲ ಎಂಬುದು ನಮಗೆ ಗೊತ್ತು. ಅಲ್ಲಿಯೂ ಮಕ್ಕಳಿಗೆ ವೇಗದ ಪಾಠವಿದೆ ಎಂದು ಯಾರಾದರೂ ಹೇಳಬಹುದು. ಇದೆ. ಆದರೆ ಅದು ಬುಡದಿಂದ ಹತ್ತಿಸುವ ವೇಗ, ಬುಡ ಬಿಟ್ಟು ಮೇಲಿನ ಕೊಂಬೆಗೆ ಎಸೆಯುವ ವೇಗವಲ್ಲ. ಏಳನೆಯ ತರಗತಿಯ ಹುಡುಗನಿಗೆ ತಡವಾಗಿಲ್ಲ ಎನ್ನಲು ನಮಗೆ ಆ ಮಕ್ಕಳೇ ಸಾಕು.

ಹಾಗಾದರೆ ಎಲ್ಲರನ್ನೂ ಒಂದೇ ನಿಧಾನಗತಿಯಲ್ಲಿ ನಡೆಸಬೇಕೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ಇದೇ ಜಗಳ ಅಮೆರಿಕದಲ್ಲೂ ನಡೆದಿದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಸರಕಾರಿ ಶಾಲೆಗಳು 2014ರಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನು ತೆಗೆದು, ಎಲ್ಲ ಮಕ್ಕಳೂ ಒಂಬತ್ತರಲ್ಲೇ ಕಲಿಯಲಿ ಎಂದವು. ಹಿಂದುಳಿದವರಿಗೆ ಇದರಿಂದ ಅನುಕೂಲವಾಗುವುದೆಂಬ ಆಶಯ ಅದರ ಹಿಂದಿತ್ತು. ಹಣವಿದ್ದ ತಂದೆತಾಯಂದಿರು ಹೊರಗೆ ಪಾಠ ಹೇಳಿಸಿಕೊಂಡರು, ಬಡವರ ಮಕ್ಕಳು ಇದ್ದಲ್ಲೇ ಉಳಿದರು ಎಂಬ ದೂರು ಎದ್ದಿತು. 2024ರ ಮಾರ್ಚ್‌ನಲ್ಲಿ ಆ ನಗರದ ಮತದಾರರು ಎಂಟನೆಯ ತರಗತಿಗೆ ಬೀಜಗಣಿತವನ್ನು ಮರಳಿ ತರಬೇಕೆಂದು ಭಾರೀ ಬಹುಮತದಿಂದ ಹೇಳಿದರು. ಎಲ್ಲರನ್ನೂ ಓಡಿಸುವುದು ಎಷ್ಟು ತಪ್ಪೋ ಎಲ್ಲರನ್ನೂ ಹಿಡಿದು ನಿಲ್ಲಿಸುವುದೂ ಅಷ್ಟೇ ತಪ್ಪು. ಮಗು ಎಲ್ಲಿ ನಿಂತಿದೆ ಎಂದು ನೋಡಿ ಅಲ್ಲಿಂದ ಕಲಿಸುವುದಕ್ಕೆ ಬದಲಿ ದಾರಿಯಿಲ್ಲ.

ನಮ್ಮ ಮಕ್ಕಳು ಎಲ್ಲಿ ನಿಂತಿದ್ದಾರೆ? ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ವರದಿಗಳು, ಎಂಟನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿವೆ. 2006ರ ಸಾಚಾರ್ ಸಮಿತಿಯ ವರದಿ ನಮ್ಮ ಸಮುದಾಯದ ಬಗ್ಗೆ ಎರಡು ಅಂಕಿಗಳನ್ನು ಕೊಟ್ಟಿತ್ತು. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು ಮಾತ್ರ ಮುಸ್ಲಿಮರು ಎಂಬುದು ಒಂದು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ 25 ಮಂದಿ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ಮಧ್ಯದಲ್ಲೇ ಬಿಟ್ಟಿದ್ದಾರೆ ಎಂಬುದು ಇನ್ನೊಂದು. ನಾವು ಮೊದಲನೆಯ ಅಂಕಿಯನ್ನು ಹಿಡಿದುಕೊಂಡು ಅವಮಾನದಿಂದ ಐಐಟಿ, ಐಐಟಿ ಎಂದು ಕೂಗಿದೆವು. ಎರಡನೆಯ ಅಂಕಿಯೇ ಮೊದಲನೆಯದಕ್ಕೆ ಕಾರಣ ಎಂಬುದನ್ನು ಮರೆತೆವು.

ಭಯದ ವ್ಯಾಪಾರಕ್ಕೆ ಇದು ಅನುಕೂಲವಾಯಿತು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ತರಬೇತಿ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, 16 ವರ್ಷ ತುಂಬದ ಮಕ್ಕಳನ್ನು ಸೇರಿಸಿಕೊಳ್ಳಬಾರದು, ಹತ್ತನೆಯ ತರಗತಿಯ ಪರೀಕ್ಷೆಯ ನಂತರವೇ ಸೇರಿಸಿಕೊಳ್ಳಬೇಕು, ರ‍್ಯಾಂಕ್ ಕೊಡಿಸುತ್ತೇವೆಂದು ಭರವಸೆ ನೀಡಬಾರದು ಎಂದಿತು. ಈ ಮಾರ್ಗಸೂಚಿ ಏಕೆ ಬೇಕಾಯಿತು? ರಾಜಸ್ಥಾನದ ಕೋಟಾದಲ್ಲಿ 2023ರ ಒಂದೇ ವರ್ಷದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಆತ್ಮಹತ್ಯೆ ಮಾಡಿಕೊಂಡರು. ಅಲ್ಲಿನ ಜಿಲ್ಲಾಡಳಿತ ಹಾಸ್ಟೆಲ್ಲುಗಳ ಫ್ಯಾನುಗಳಿಗೆ ಸ್ಪ್ರಿಂಗ್ ಹಾಕಿಸಿ ಎಂದು ಆದೇಶಿಸಬೇಕಾಯಿತು. ಮಕ್ಕಳ ಮೇಲಿನ ಭಾರ ಇಳಿಸುವ ಬದಲು ಫ್ಯಾನಿಗೆ ಸ್ಪ್ರಿಂಗ್ ಹಾಕುವ ಸ್ಥಿತಿಗೆ ನಾವು ಬಂದು ನಿಂತೆವು. ಆರನೆಯ ತರಗತಿಯ ಮಗುವಿಗೆ ಹನ್ನೊಂದು ವರ್ಷ. ಆ ವಯಸ್ಸಿನ ಮಕ್ಕಳಿಗೆ ಇಂಥ ತರಬೇತಿ ಸಲ್ಲದು ಎಂದು ಸರಕಾರವೇ ಹೇಳಿದ ಮೇಲೂ ಅದು ಶಾಲೆಯ ವೇಳಾಪಟ್ಟಿಯೊಳಗೆ ಬೇರೆ ಬೇರೆ ಹೆಸರಿನಲ್ಲಿ ನುಸುಳುತ್ತದೆ, ಮಸೀದಿ, ದೇವಸ್ಥಾನ, ಚರ್ಚುಗಳ ಬಾಗಿಲಲ್ಲಿ ಕರಪತ್ರವಾಗಿ ಹಂಚಿಕೆಯಾಗುತ್ತದೆ. ನಮ್ಮಂಥ ಸಮಿತಿಗಳು ಕೈ ಎತ್ತಿ ಅದಕ್ಕೆ ದುಡ್ಡು ಕೊಡುತ್ತವೆ.

ಆದ್ದರಿಂದ ನಮ್ಮ ಮಾತು ತರಬೇತಿ ಕೇಂದ್ರದವರಿಗಿಂತ ಮೊದಲು ನಮ್ಮವರಿಗೇ ಸಲ್ಲಬೇಕು. ಜಮಾಅತ್‌ಗಳು, ಅಂಜುಮನ್‌ಗಳು, ದಾನಿಗಳು, ಸಂಘಸಂಸ್ಥೆಗಳ ಹಣ ನಾಲ್ಕು ಮಕ್ಕಳ ಫೌಂಡೇಶನ್ ಶುಲ್ಕಕ್ಕೆ ಹೋಗುವುದನ್ನು ನಿಲ್ಲಿಸಿ. ಅಷ್ಟೇ ಹಣದಲ್ಲಿ ಒಬ್ಬ ಒಳ್ಳೆಯ ಗಣಿತ ಮೇಷ್ಟ್ರನ್ನು ಸಂಜೆಯ ಹೊತ್ತು ನೇಮಿಸಿ, ಐದರಿಂದ ಎಂಟನೆಯ ತರಗತಿಯ ನಲವತ್ತು ಮಕ್ಕಳನ್ನು ಕೂರಿಸಬಹುದು. ಅಲ್ಲಿ ಪರೀಕ್ಷೆಯ ಹೆಸರು ಎತ್ತುವುದು ಬೇಡ. ಮಗ್ಗಿ, ಭಿನ್ನರಾಶಿ, ಶೇಕಡಾ, ಅನುಪಾತ, ಋಣಸಂಖ್ಯೆ, ಸರಳ ಸಮೀಕರಣ ಇಷ್ಟನ್ನು ಮಗುವಿಗೆ ತಿಳಿದ ಭಾಷೆಯಲ್ಲಿ ಕಲಿಸಲಿ. ಅದರ ಕನ್ನಡದ, ಉರ್ದುವಿನ, ಇಂಗ್ಲಿಷಿನ ಹೆಸರನ್ನು ಒಟ್ಟಿಗೇ ಹೇಳಿಕೊಡಲಿ. ತಿಳಿಯಲಿಲ್ಲ ಎಂದು ಮಗು ನಾಚಿಕೆಯಿಲ್ಲದೆ ಕೈ ಎತ್ತುವಂತಿರಲಿ. ಪಿಯುಸಿ ವಿಜ್ಞಾನ ಸೇರಿದ ಮಕ್ಕಳಿಗೆ, ಹುಡುಗಿಯರಿಗಂತೂ ಮುಖ್ಯವಾಗಿ, ಆ ಎರಡು ವರ್ಷ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಸಂದೇಹ ಕೇಳಲು ಒಬ್ಬರು, ಓದಲು ಒಂದು ಶಾಂತ ಕೋಣೆ ಇವಿಷ್ಟನ್ನು ಒದಗಿಸಿ. ಪ್ರವೇಶ ಪರೀಕ್ಷೆಯ ಸಿದ್ಧತೆಗೆ ಸರಿಯಾದ ಕಾಲ ಅದು. ಜೆಇಇ ಮೇನ್ ಅನ್ನು 2021ರಿಂದ ಕನ್ನಡ, ಉರ್ದು ಸೇರಿ 13 ಭಾಷೆಗಳಲ್ಲಿ ಬರೆಯಬಹುದೆಂದು ನಮ್ಮ ಎಷ್ಟು ತಂದೆತಾಯಂದಿರಿಗೆ ಗೊತ್ತು? ಅದನ್ನು ಹೇಳುವ ಕರಪತ್ರವನ್ನು ನಮ್ಮ ಮಸೀದಿಯ ಗೇಟಿನಲ್ಲಿ ಯಾರೂ ಹಂಚಿದ್ದನ್ನು ನಾವು ಕಂಡಿಲ್ಲ.

ಇದರಿಂದ ಎಲ್ಲ ಮಕ್ಕಳೂ ಎಂಜಿನಿಯರುಗಳಾಗುತ್ತಾರೆಂದು ನಾವು ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಡುವವರು ಬೇರೆ ಇದ್ದಾರೆ. ಹತ್ತನೆಯ ತರಗತಿಯ ನಂತರ ಯಾವ ದಾರಿ ಬೇಕೆಂದು ಮಗು ತಾನೇ ನಿರ್ಧರಿಸುವಾಗ, ಗಣಿತಕ್ಕೆ ಹೆದರಿ ಓಡಿಹೋಗಬೇಕಾದ ಸ್ಥಿತಿ ಅದಕ್ಕೆ ಬರಬಾರದು ಎಂಬುದಷ್ಟೇ ನಮ್ಮ ಆಸೆ.

ವೆಲ್ಡಿಂಗ್ ಅಂಗಡಿಯವರಿಗೆ ಅಂದು ನಾವು ಉತ್ತರ ಕೊಟ್ಟಿರಲಿಲ್ಲ. ಮರುದಿನ ಅವರ ಅಂಗಡಿಗೆ ಹೋದೆವು. ಮಗ ಅಲ್ಲೇ ಇದ್ದ. ತಂದೆ ಹದಿನೆಂಟು ಅಡಿಯ ಕಬ್ಬಿಣದ ಪಟ್ಟಿಯನ್ನು ಎರಡೂಕಾಲು ಅಡಿಯ ತುಂಡುಗಳಾಗಿ ಕತ್ತರಿಸಲು ಗುರುತು ಹಾಕುತ್ತಿದ್ದರು. "ಎಷ್ಟು ತುಂಡು ಬರುತ್ತದೆ, ಹೇಳು" ಎಂದೆವು. ಹುಡುಗ ಬೆರಳಿನಲ್ಲಿ ಗಾಳಿಯಲ್ಲೇ ಬರೆದು, ಒಮ್ಮೆ ತಪ್ಪಿ, ಮತ್ತೆ ಬರೆದು "ಎಂಟು" ಎಂದ. ತಂದೆ ಟೇಪು ಹಿಡಿದು ಅಳೆದು ನೋಡಿದರು. ಎಂಟೇ.

"ತಡವಾಗಿಲ್ಲ" ಎಂದೆವು. "ಕರಪತ್ರ ನಮಗೆ ಕೊಡಿ. ಹುಡುಗನನ್ನು ಸೋಮವಾರದಿಂದ ಸಂಜೆ ಆರಕ್ಕೆ ಕಳಿಸಿ. ಮೇಷ್ಟ್ರು ಸಿಕ್ಕಿದ್ದಾರೆ, ಹಣ ಇನ್ನೂ ಕೂಡಿಸಬೇಕು."